ಚೀಲದ ತಳದ ಹಕ್ಕರಿಕೆ

“ಇದು ಇಲಿ ಪಾಷಾಣ ಅಲ್ಲರಿ ಸರ್.”

ಡಾಕ್ಟರ್ ಅಫ್ರೀನ ಅಷ್ಟು ಹೇಳಿ ಪ್ರಯೋಗಾಲಯದ ವರದಿಯನ್ನು ಮೇಜಿನ ಆಚೆ ಸರಿಸಿದಳು. ಗದಗಿನಲ್ಲಿ ಮುಂದೆ ವೈದ್ಯರಾಗುವವರಿಗೆ ಔಷಧಶಾಸ್ತ್ರ ಕಲಿಸುವ ಹೆಣ್ಣುಮಗಳು. ಮಾತು ಮೆತ್ತಗೆ, ಆದರೆ ಒಮ್ಮೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಪೈಕಿ ಅಲ್ಲ.

ಇನ್‌ಸ್ಪೆಕ್ಟರ್ ಮಾಳಿಂಗರಾಯ ವರದಿ ಮುಟ್ಟಲಿಲ್ಲ. ಕೈಯಲ್ಲಿದ್ದ ಚಹಾ ಹಾಗೇ ಆರಿತು.

ಲಕ್ಷ್ಮೇಶ್ವರದ ತವರುಮನೆಯಲ್ಲಿ ಕುಸಿದು ಬಿದ್ದ ರುಹಿ ತಲೆಯೊಳಗೆ ರಕ್ತ ಸೋರಿ ಹಲವು ದಿನ ಆಸ್ಪತ್ರೆಯಲ್ಲಿ ಮಲಗಿ ತೀರಿಕೊಂಡಿದ್ದಳು. ಅವಳ ತಾಯಿ ಮಾಸುಮಬಿ ಕೊಟ್ಟ ದೂರಿನ ಮೇಲೆ, ಹೆಂಡತಿಗೆ ಪಾಷಾಣ ಹಾಕಿದನೆಂದು ಜಾವೀದನನ್ನು ಜೈಲಿಗೆ ಕಳಿಸಿದವನು ಇದೇ ಮಾಳಿಂಗರಾಯ. ನಾಳೆ ಆರೋಪಪಟ್ಟಿ ಕೋರ್ಟಿಗೆ ಹೋಗಬೇಕು.

ಜಾವೀದನದು ಸೊರಟೂರಿನಲ್ಲಿ ಕಾಳಿನ ಅಂಗಡಿ. ಕಾಳಿದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಪಾಷಾಣ. ಅವನ ಗೋದಾಮಿನಲ್ಲಿ ಅದರ ಡಬ್ಬಿ ಸಿಕ್ಕಿತು. ಪೊಲೀಸರ ಸ್ವಭಾವ ನಿಮಗೆ ಗೊತ್ತೇ ಇದೆ. ಒಂದು ಡಬ್ಬಿ ಸಿಕ್ಕರೆ ಆಮೇಲೆ ತಲೆಗೆ ಕೆಲಸ ಕೊಡುವುದಿಲ್ಲ.

“ಮತ್ತ ರಕ್ತ ನೀರಾಗಿತ್ತಲ್ಲ ಡಾಕ್ಟ್ರ? ಇಲಿ ಪಾಷಾಣ ತಿಂದವರಿಗೆ ಹಿಂಗ ಆಗ್ತೈತಿ ಅಂತ ನಿಮ್ಮ ಮಂದೀನ ಹೇಳಿದ್ರು.”

“ಆಗ್ತೈತಿ. ಆದ್ರ ಹಿಂಗ ಆಗಾಕ ಇಲಿ ಪಾಷಾಣನ ಬೇಕಂತೇನಿಲ್ಲ. ರುಹಿ ಎದಿಯಾಗ ಕೃತಕ ಕವಾಟ ಇತ್ತು. ಸಣ್ಣಾಕಿ ಇದ್ದಾಗ ಹುಬ್ಬಳ್ಳ್ಯಾಗ ಹಾಕಿದ್ದು. ಅದರ ಮ್ಯಾಲೆ ರಕ್ತ ಹೆಪ್ಪುಗಟ್ಟಬಾರ್ದು ಅಂತ ದಿನಾ ಗುಳಿಗಿ ನುಂಗ್ತಿದ್ಲು. ಆ ಗುಳಿಗಿ, ನಿಮ್ಮ ಇಲಿ ಪಾಷಾಣ, ಎರಡೂ ಒಂದ ಮನೆತನದವು.”

“ಅಂದ್ರ?”

“ರಕ್ತ ಹೆಪ್ಪುಗಟ್ಟಾಕ ಬೇಕಾದ ಸಾಮಾನು ಲಿವರ್ ತಯಾರ ಮಾಡ್ತೈತಿ. ಅದಕ್ಕ ವಿಟಮಿನ್ ಕೆ ಬೇಕು. ಈ ಎರಡೂ ಹೋಗಿ ಆ ವಿಟಮಿನ್ನಿಗೆ ಅಡ್ಡ ನಿಂದರತಾವ. ಫರಕ ಏನಂದ್ರ, ಗುಳಿಗಿ ಕೆಲವು ದಿನದಾಗ ಮೈಯಿಂದ ಇಳದು ಹೋಗ್ತೈತಿ. ಈಗಿನ ಇಲಿ ಪಾಷಾಣ ತಿಂಗಳಾನುಗಟ್ಟಲೆ ಲಿವರಿನ್ಯಾಗ ಮನಿ ಮಾಡಿಕೊಂಡಿರತೈತಿ. ರುಹಿ ಲಿವರಿನ್ಯಾಗ ಅದರ ಸುಳಿವಿಲ್ಲ.”

ಮಾಳಿಂಗರಾಯನಿಗೆ ಹಗುರವೂ ಆಯಿತು, ಹೆದರಿಕೆಯೂ ಆಯಿತು. ಹೆದರಿಕೆ ಮೇಲಧಿಕಾರಿಯದು. ಪಾಷಾಣ ಇಲ್ಲವಾದರೆ ಏನಂತೆ, ಅದೇ ಗುಳಿಗೆಯನ್ನು ಅರೆದು ಹೆಚ್ಚಿಗೆ ಹಾಕಿರುತ್ತಾನೆ ಎನ್ನುತ್ತಾರೆ. ಗುಳಿಗೆ ತಂದುಕೊಡುತ್ತಿದ್ದವನೂ ಜಾವೀದನೇ.

“ಹೆಚ್ಚಿಗಿ ಗುಳಿಗಿ ಹಾಕಿದ್ರ ವರದ್ಯಾಗ ಕಾಣತೈತಿ ಹೌದಿಲ್ಲ?”

“ಅಲ್ಲೇ ಸಿಕ್ಕೊಂಡೇವಿ ನೋಡ್ರಿ. ದವಾಖಾನಿಗೆ ತಂದ ದಿನದ ರಕ್ತ ಹೆಪ್ಪಿನ ಪರೀಕ್ಷಾಕ್ಕ ಮುಗದು ಹೋಗೇತಿ. ಆಮ್ಯಾಲೆ ಅಷ್ಟ ದಿನ ಅಕಿ ಹಾಸಿಗ್ಯಾಗ ಇದ್ಲು. ಗುಳಿಗಿ ನಿಂತಿತ್ತು. ಇದ್ದದ್ದನ್ನ ಲಿವರ್ ಒಡದು ಹೊರಗ ಹಾಕೇತಿ. ಸತ್ತ ಮ್ಯಾಲೆ ತಗದ ರಕ್ತದಾಗ ಎಷ್ಟಿತ್ತು ಅನ್ನೂದು ಹೇಳಾಕ ಬರೂದಿಲ್ಲ. ಹಾಕ್ಯಾನ ಅನ್ನಾಕೂ ಬರೂದಿಲ್ಲ, ಹಾಕಿಲ್ಲ ಅನ್ನಾಕೂ ಬರೂದಿಲ್ಲ.”

“ಸರಿಯಾಗಿ ನುಂಗಿದ್ರೂ ಹಿಂಗ ಆಗಬಹುದೇನು?”

ಅಫ್ರೀನ ವರದಿಯನ್ನು ಮತ್ತೆ ತನ್ನ ಕಡೆ ಎಳೆದುಕೊಂಡಳು. ರುಹಿ ಅವಳಿಗಿಂತ ಚಿಕ್ಕವಳು. ವರದಿಯಲ್ಲಿ ವಯಸ್ಸು ಬರೆದಿತ್ತು, ಅವಳು ಅದನ್ನು ಎರಡು ಸಲ ಓದಿದ್ದಳು.

“ಆಗಬಹುದ್ರಿ. ಗುಳಿಗಿ ಹೊಟ್ಟಿಗೆ ಹೋತು ಅಂದ್ರ ಕೆಲಸ ಆತು ಅಂತ ಮಂದಿ ತಿಳಕೊಂಡಾರ. ಕರಳಿನಿಂದ ಅದು ರಕ್ತಕ್ಕ ಇಳೀಬೇಕು. ರಕ್ತದಾಗ ಬಹಳಷ್ಟು ಪಾಲು ಪ್ರೋಟೀನಿಗೆ ಅಂಟಿಕೊಂಡು ಸುಮ್ನ ಕುಂತಿರತೈತಿ, ಉಳದ ಚೂರು ಅಷ್ಟ ಕೆಲಸ ಮಾಡ್ತೈತಿ. ನೋವಿನ ಗುಳಿಗಿನೋ ಮತ್ತೊಂದೋ ಜೋಡಿ ನುಂಗಿದ್ರ ಈ ಲೆಕ್ಕ ತಪ್ಪತೈತಿ. ಲಿವರ್ ಕೆಟ್ಟಿದ್ರ ತಪ್ಪತೈತಿ, ಆದ್ರ ಅಕಿ ಲಿವರ್ ಚೊಲೊ ಇತ್ತು.”

“ಮತ್ತ?”

“ಊಟ. ವಿಟಮಿನ್ ಕೆ ಅನ್ನೂದು ಹಸರ ತಪ್ಪಲದಾಗ, ಅಂದ್ರ ಸೊಪ್ಪಿನ್ಯಾಗ, ಬರತೈತಿ. ತಪ್ಪಲ ತಿಂದ್ರ ಗುಳಿಗಿ ಶಕ್ತಿ ತಗ್ಗತೈತಿ. ದಿನಾ ತಿನ್ನಾಕಿಗೆ ಗುಳಿಗಿ ಹೆಚ್ಚಿಗಿ ಬೇಕಾಗತೈತಿ. ಅದಕ್ಕ ತಿಂಗಳಿಗೊಮ್ಮೆ ರಕ್ತ ಪರೀಕ್ಷಾ ಮಾಡಿ, ಅಕಿ ಹೆಂಗ ಉಣ್ಣತಾಳ ಹಂಗ ಗುಳಿಗಿ ಹೊಂದಸ್ತಾರ. ಹೊಂದಿದ ಮ್ಯಾಲೆ ಊಟ ಬದಲಾಗಬಾರ್ದು.”

“ಜೋಡೆತ್ತಿನ ಗಾಡಿ ಇದ್ದಂಗ,” ಎಂದ ಮಾಳಿಂಗರಾಯ. “ಒಂದು ಎತ್ತು ಬಿಚ್ಚಿದ್ರ ಗಾಡಿ ಹೊರಳತೈತಿ.”

“ಹೌದ್ರಿ. ಹೊರಳಾಕ ಬಹಳ ದಿನ ಬೇಕಾಗಿಲ್ಲ.” ಅವಳು ಇನ್ನೊಂದು ಕಾಗದ ಮುಂದಿಟ್ಟಳು. “ಇದು ಅಕಿ ಹಳೇ ಚೀಟಿ. ಮದುವಿ ಆಗಿ ಸೊರಟೂರಿಗೆ ಬಂದ ಮ್ಯಾಲೆ ಗುಳಿಗಿ ಏರಿಕೋತ ಹೋಗೇತಿ. ಯಾಕ ಏರಿತು ಅನ್ನೂದು ಗಂಡಗ ಕೇಳ್ರಿ.”

*

ಗದಗಿನ ಜೈಲಿನಲ್ಲಿ ಜಾವೀದ ಎದುರಿಗೆ ಬಂದು ನಿಂತಾಗ ಮಾಳಿಂಗರಾಯನಿಗೆ ಥಟ್ಟನೆ ಗುರುತು ಸಿಗಲಿಲ್ಲ. ಕಾಳಿನ ಮೂಟೆ ಹೊತ್ತು ಬೆಳೆದ ಭುಜಗಳು ಅಂಗಿಯೊಳಗೆ ಎಲ್ಲೋ ಕಳೆದುಹೋಗಿದ್ದವು.

“ಕುಂಡರು.”

ಕುಳಿತ.

“ಕಡೀ ಸಲ ಲಕ್ಷ್ಮೇಶ್ವರಕ್ಕ ಹೋದಾಗ ಚೀಲದ ತಳದಾಗ ಏನ ಒಯ್ದಿದ್ದಿ?”

ಪ್ರಶ್ನೆ ಹಳೆಯದೇ. ಚೀಲದ ಮೇಲುಭಾಗದಲ್ಲಿ ಶೇಂಗಾ ಇತ್ತು, ಮಗಳು ಅಮೀರಾಳ ಸ್ವೆಟರ್ ಇತ್ತು. ತಳದಲ್ಲಿ ಏನೋ ಒದ್ದೆಯಾದದ್ದು ಇದ್ದ ಕಲೆ ಉಳಿದಿತ್ತು. ಏನೂ ಇರಲಿಲ್ಲ ಎಂದು ಜಾವೀದ ಸುಳ್ಳು ಹೇಳಿದ್ದ. ಆ ಸುಳ್ಳೇ ಅವನನ್ನು ಇಲ್ಲಿಯತನಕ ಎಳೆದು ತಂದಿತ್ತು.

“ಏನಿಲ್ರಿ.”

“ತಪ್ಪಲ ಇತ್ತು ಹೌದಿಲ್ಲ?”

ಜಾವೀದ ತಲೆ ಎತ್ತಿದ. ಅವನ ಮುಖದಲ್ಲಿ ಸಿಕ್ಕಿಬಿದ್ದವನ ಗಾಬರಿ ಇರಲಿಲ್ಲ. ಯಾರೋ ಗಾಯ ಮುಟ್ಟಿದ ಹಾಗೆ ಮುಖ ಕಿವುಚಿಕೊಂಡಿತು.

“ಹಕ್ಕರಿಕಿ,” ಎಂದ. “ನಮ್ಮ ಹೊಲದ ಹಕ್ಕರಿಕಿ. ಹಸೀ ಬಟ್ಟ್ಯಾಗ ಸುತ್ತಿದ್ದೆ, ಬಾಡಬಾರ್ದು ಅಂತ.”

ಈ ಸೀಮೆಯಲ್ಲಿ ರೊಟ್ಟಿಯ ಜೊತೆ ಹಸಿ ಹಕ್ಕರಿಕೆ ಕಡಿಯದವರು ಯಾರಿದ್ದಾರೆ? ಬುಟ್ಟಿಗಟ್ಟಲೆ ತಿನ್ನುತ್ತಾರೆ, ಯಾರೂ ಮುಚ್ಚಿ ಒಯ್ಯುವುದಿಲ್ಲ. ಮಾಳಿಂಗರಾಯ ಅದನ್ನೇ ಕೇಳಿದ.

“ಅತ್ತಿ ಮನ್ಯಾಗ ತಪ್ಪಲ ಬರಂಗಿಲ್ರಿ. ರುಹಿ ಸಣ್ಣಾಕಿ ಇದ್ದಾಗ ಆಪರೇಶನ್ ಆತಲ್ಲ, ಅವಾಗ ಡಾಕ್ಟರು ಹೇಳಿದ್ರಂತ, ಈ ಕೂಸಿಗೆ ಹಸರ ತಪ್ಪಲ ಮುಟ್ಟಸಬ್ಯಾಡ್ರಿ ಅಂತ. ಅವತ್ತಿನಿಂದ ಅತ್ತಿ ಮನಿಗೆ ತಪ್ಪಲ ತರಲಿಲ್ಲ. ಮಗಳ ಮುಂದ ಕೂತು ತಾ ಹೆಂಗ ತಿನ್ಲಿ ಅಂತ ತಾನೂ ಬಿಟ್ರು. ಇಲ್ಲೀತನಕ ಬಾಯಾಗ ಇಟ್ಟಿಲ್ಲ.”

“ನಿಮ್ಮ ಮನಿಗೆ ಬಂದ ಮ್ಯಾಲೆ?”

“ನಮ್ಮ ಮನ್ಯಾಗ ಎಲ್ಲಾರೂ ತಿಂತೀವಲ್ರಿ. ಒಂದಿನ ಅಕೀನ ಕೈ ಹಾಕಿದ್ಲು. ಹೆದರಕೊಂಡು ಗದಗಿನ ಡಾಕ್ಟರಿಗೆ ಕೇಳಿದ್ವಿ. ಅವರು, ತಿನ್ನಾಕ ಅಡ್ಡಿ ಇಲ್ಲವ್ವಾ, ದಿನಾ ಒಂದ ನಮೂನಿ ತಿನ್ನು, ನಾ ಗುಳಿಗಿ ಅದಕ್ಕ ಹೊಂದಸ್ತೀನಿ ಅಂದ್ರು. ಅವತ್ತ ಅಕಿ...” ಜಾವೀದ ನಿಲ್ಲಿಸಿದ. “ಅವತ್ತ ಬಸ್‌ನ್ಯಾಗ ಕೂತು ನಕ್ಕಾಳ ನೋಡ್ರಿ. ಆಡಿನಂಗ ತಿಂತೀನಿ ಇನ್ನ, ಅಂದ್ಲು.”

“ಅಕಿ ತಾಯಿಗೆ ಹೇಳಲಿಲ್ಲ?”

“ಹೆಂಗ ಹೇಳ್ಲಿ ಅಂತಿದ್ಲು. ಅಮ್ಮಿ ನನ್ನ ಸಲುವಾಗಿ ಜನ್ಮಾ ಎಲ್ಲಾ ಬಿಟ್ಟಾಳ, ನಾ ಇಲ್ಲಿ ಮೇಯಾಕತ್ತೀನಿ ಅಂತ ಗೊತ್ತಾದ್ರ ಸಂಕಟ ಪಡತಾಳ, ನೀನೂ ಹೇಳಬ್ಯಾಡ ಅಂತ ಆಣಿ ಹಾಕಿಸಿದ್ಲು. ಅದಕ್ಕ ನಿಮಗೂ ಹೇಳಲಿಲ್ಲ.”

ಮಾಳಿಂಗರಾಯನಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಸತ್ತ ಹೆಂಡತಿಗೆ ಕೊಟ್ಟ ಮಾತಿಗಾಗಿ ಕೊಲೆಗಾರ ಎನ್ನಿಸಿಕೊಂಡು ಕುಳಿತವನನ್ನು ಬೈಯುವುದಾದರೂ ಹೇಗೆ?

“ತಾಯಿ ಕಣ್ಣಿನ ಆಪರೇಶನ್ ಆತು, ಆರೈಕಿಗೆ ಅಂತ ರುಹಿ ಅಲ್ಲಿಗೆ ಹೋದ್ಲು,” ಎಂದು ಮಾಳಿಂಗರಾಯನೇ ಮುಂದುವರಿಸಿದ. “ಮೂರು ವಾರ ಆದ್ರೂ ತಿರುಗಿ ಬರಲಿಲ್ಲ.”

“ಅತ್ತಿಗೆ ಕಣ್ಣಿಗೆ ಔಷಧ ಹಾಕಬೇಕಿತ್ರಿ, ಹೊತ್ತ ಹೊತ್ತಿಗೆ. ನಡಕ ಅಕಿ ರಕ್ತ ಪರೀಕ್ಷಾದ ದಿನಾ ಬಂತು. ಮುಂದಿನ ವಾರ ಹೋಗ್ತೀನಿ ಅಂದ್ಲು. ಫೋನಿನ್ಯಾಗ ದಿನಾ ಒಂದ ಮಾತು, ಹಕ್ಕರಿಕಿ ನೆನಪಾಗೇತಿ. ಅದಕ್ಕ ಒಯ್ದಿದ್ದೆ. ಅತ್ತಿ ನೋಡಿಬಿಟ್ರಂತ. ಆಡಿಗೆ ಹಾಕಿದ್ರಂತ. ಅದನ್ನೂ ನಕ್ಕೋತನ ಹೇಳಿದ್ಲು.”

ಜಾವೀದ ಪೊಲೀಸನ ಮುಖವನ್ನೇ ದಿಟ್ಟಿಸಿದ. ಕಾಳು ತೂಗುವ ಮನುಷ್ಯ. ಹೆಚ್ಚು ಕಡಿಮೆಯ ಲೆಕ್ಕ ಅವನಿಗೆ ಬೇಗ ಹತ್ತುತ್ತದೆ.

“ಸಾಹೇಬ್ರ, ತಪ್ಪಲ ನಿಂತದ್ದಕ್ಕ ಹಿಂಗ ಆತೇನ್ರಿ?”

ಮಾಳಿಂಗರಾಯ ಗುಳಿಗೆಯ ಹಳೇ ಚೀಟಿಯನ್ನು ಅವನ ಮುಂದೆ ಸರಿಸಿದ.

ಜಾವೀದ ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡ. ಹೆಂಡತಿ ಸತ್ತಾಗ ಅವನಿಗೆ ಅಳಲು ಪುರುಸೊತ್ತು ಸಿಕ್ಕಿರಲಿಲ್ಲ. ಮಣ್ಣು ಮಾಡಿ ಬಂದ ದಿನವೇ ಜೀಪು ಬಂದಿತ್ತು.

ತಲೆ ಎತ್ತಿದಾಗ ಅವನ ದನಿ ಬೇರೆಯಾಗಿತ್ತು.

“ಅತ್ತಿಗೆ ಇದನ್ನ ಹೇಳಬ್ಯಾಡ್ರಿ.”

“ಏನಂತ ಮಾತಾಡ್ತೀಲೇ? ಇದೊಂದ ನಿನ್ನ ಹೊರಗ ತರೂದು. ಮನ್ಯಾಗ ತಪ್ಪಲ ಕೊಡಲಿಲ್ಲ ಅಂತ ಅಕಿ ಬಾಯಿಂದ ಬರಬೇಕು. ಬ್ಯಾರೆ ಸಾಕ್ಷಿ ನನ್ನ ಕಡೆ ಇಲ್ಲ.”

“ಗೊತ್ತೈತ್ರಿ. ಆದ್ರ ಅವರು ಮಗಳನ್ನ ಹೆಂಗ ಕಾಯ್ದಾರ ನಿಮಗ ಗೊತ್ತಿಲ್ಲ. ಹುಬ್ಬಳ್ಳಿ ದವಾಖಾನಿ ಮುಂದ ಮಲಗಿ ಬದುಕಿಸಿಕೊಂಡಾರ. ಕೌದಿ ಹೊಲದು ಔಷಧ ತಂದಾರ. ಈಗ ನಿನ್ನ ಕೈಯಾಗನ ಹೋದ್ಲು ಅಂತ ಹೇಳಿದ್ರ ಅವರು ಉಳಿಯಂಗಿಲ್ಲ. ಅಮೀರಾ ಅವರ ಹತ್ರ ಅದಾಳ. ತಾಯಿ ಹೋದ್ಲು, ಅಜ್ಜಿನೂ ಹೋಗಬೇಕೇನ್ರಿ?”

“ನೀ ಜನ್ಮ ಎಲ್ಲಾ ಒಳಗ ಇರತೀಯಾ?”

ಕಾವಲಿನವನು ಕರೆದಾಗ ಜಾವೀದ ಎದ್ದು ಹೋದ. ಬಾಗಿಲಲ್ಲಿ ಒಮ್ಮೆ ತಿರುಗಿ, ಕೂಸಿಗೆ ಸ್ವೆಟರ್ ಹಾಕುತ್ತಾರೇನೋ ನೋಡಿ ಬರುವಂತೆ ಕೇಳಿಕೊಂಡ.

*

ಜೀಪು ಶಿರಹಟ್ಟಿ ರಸ್ತೆ ಹಿಡಿಯಿತು. ಕಾನ್ಸ್‌ಟೇಬಲ್ ಯಲ್ಲೇಶ ಓಡಿಸುತ್ತಿದ್ದ. ಸೊರಟೂರು ದಾಟುವಾಗ ಕಡಲೆ ಹೊಲದ ನಡುವೆ ಹೆಂಗಸರು ಕುಳಿತು ತಪ್ಪಲ ಚಿವುಟುತ್ತಿದ್ದರು. ಮಾಳಿಂಗರಾಯ ಮುಖ ತಿರುಗಿಸಿಕೊಂಡ.

“ದೂರು ಬರಕೊಂಡಾವ ನೀನಲ್ಲ? ಮಾಸುಮಬಿ ಅವತ್ತ ತಪ್ಪಲದ ಸುದ್ದಿ ಏನರ ಹೇಳಿದ್ಲೇನು?”

ಯಲ್ಲೇಶ ಗೇರು ಬದಲಿಸಿದ.

“ಹೇಳಿದ್ಲರಿ. ಅಳಿಯ ತಪ್ಪಲ ತಂದಿದ್ದ, ತಪ್ಪಲ ತಂದಿದ್ದ ಅಂತ ಒಂದ ಸವನ ಅಂದ್ಲು. ನಾ ಬರಕೊಳ್ಳಲಿಲ್ಲ. ತಪ್ಪಲ ಯಾರ ಮನ್ಯಾಗ ಇರಂಗಿಲ್ರಿ ಸಾಹೇಬ್ರ? ದೂರಿನ್ಯಾಗ ಹಕ್ಕರಿಕಿ ಬರದ್ರ ನೀವ ನನಗ ಬೈತಿದ್ರಿ.”

ಮಾಳಿಂಗರಾಯ ಖಂಡಿತ ಬೈಯುತ್ತಿದ್ದ. ಎದುರಿಗೇ ಬಿದ್ದ ಸುಳಿವನ್ನು, ದಿನಾ ಉಣ್ಣುವ ವಸ್ತುವೆಂಬ ಒಂದೇ ಕಾರಣಕ್ಕೆ ಠಾಣೆಯಲ್ಲಿ ಯಾರೂ ಮುಟ್ಟಲಿಲ್ಲ.

ಲಕ್ಷ್ಮೇಶ್ವರದ ಓಣಿಯಲ್ಲಿ ಮಾಸುಮಬಿ ಕಟ್ಟೆಯ ಮೇಲೆ ಹಳೆಯ ಬಟ್ಟೆಗಳ ಕೌದಿ ಹರಡಿಕೊಂಡು ಕುಳಿತಿದ್ದಳು. ಕಣ್ಣಿಗೆ ಆಪರೇಶನ್ನಿನ ಕಪ್ಪು ಕನ್ನಡಕ. ಸೂಜಿ ಹಳೆಯ ರೂಢಿಯಿಂದ ತಾನೇ ದಾರಿ ಹುಡುಕಿಕೊಂಡು ಹೋಗುತ್ತಿತ್ತು. ಕೌದಿಯ ಒಂದು ತುದಿಯಲ್ಲಿ ಅಮೀರಾ ನಿದ್ದೆ ಹೋಗಿದ್ದಳು, ಮೈಮೇಲೆ ಸ್ವೆಟರ್ ಇತ್ತು. ಕಂಬಕ್ಕೆ ಕಟ್ಟಿದ ಆಡು ಬಂದವರನ್ನು ನೋಡಿ ಒಮ್ಮೆ ಕೂಗಿ ಸುಮ್ಮನಾಯಿತು.

“ಬರ್ರಿ ಸಾಹೇಬ್ರ. ಕುಂಡ್ರಿ. ಅವಗ ಶಿಕ್ಷಾ ಯಾವಾಗ?”

ಕುಶಲ ಕೇಳುವ ದನಿಯಲ್ಲೇ ಕೇಳಿದಳು.

“ಇನ್ನೂ ಕೇಳೂದು ಐತ್ರಿ ಅಮ್ಮಾರ. ಯಲ್ಲೇಶ ಬರಕೋತಾನ. ಜಾವೀದನ ಮ್ಯಾಲೆ ಸಂಶಯ ಯಾವಾಗ ಬಂತು ನಿಮಗ?”

“ಅವ ಬಂದು ಹೋದ ಮರುದಿನ. ರುಹಿ ಜಳಕಕ್ಕ ಕೂತಾಗ ಬೆನ್ನು ತಿಕ್ಕಾಕ ಹೋದೆ. ತೋಳಿನ ಮ್ಯಾಲೆ, ತೊಡಿ ಮ್ಯಾಲೆ ನೀಲಿ ನೀಲಿ ಬಾವು. ಒಂದ ಕಣ್ಣು ಇನ್ನೂ ಮಂಜಾಗಿತ್ತು, ಮತ್ತೊಂದ್ರಿಂದ ನೋಡಿದೆ. ಹೊಡದಾನೇನ ಅಂತ ಕೇಳಿದ್ರ, ಇಲ್ಲ ಅಮ್ಮಿ, ಎಲ್ಲೋ ತಾಗೇತಿ ಅಂದ್ಲು. ಗಂಡನ ಮುಚ್ಚಿಡಾಕತ್ತಾಳ ಅನ್ಕೊಂಡೆ. ಆಮ್ಯಾಲೆ ಹಲ್ಲ ತಿಕ್ಕುವಾಗ ಒಸಡಿನಿಂದ ರಕ್ತ.”

ರಕ್ತ ಚರ್ಮದ ಕೆಳಗೆ ತಾನಾಗಿಯೇ ಸೋರುತ್ತಿತ್ತು. ಯಾರೂ ಹೊಡೆದಿರಲಿಲ್ಲ. ಆ ಹೊತ್ತಿಗೆ ಯಾರಾದರೂ ಒಂದು ರಕ್ತ ಪರೀಕ್ಷೆ ಮಾಡಿಸಿದ್ದರೆ ರುಹಿ ಇವತ್ತು ಈ ಕಟ್ಟೆಯ ಮೇಲೆ ಕುಳಿತಿರುತ್ತಿದ್ದಳು.

“ಗುಳಿಗಿ ಯಾರು ಕೊಡ್ತಿದ್ರಿ?”

“ನಾನ. ಗಂಡನ ಮನ್ಯಾಗ ಅಕಿ ನುಂಗ್ತಿದ್ಲೋ ಇಲ್ಲೋ, ನನ್ನ ಮನ್ಯಾಗ ತಪ್ಪಸಾಕ ಬಿಟ್ಟಿಲ್ಲ. ಚೀಟ್ಯಾಗ ಬರದಷ್ಟು, ಕೈಯಾಗ ಹಾಕಿ, ನೀರು ಕುಡಿಸಿ, ಬಾಯಿ ತೆಗಿ ಅಂತ ನೋಡ್ತಿದ್ದೆ.” ಹೇಳುವಾಗ ಅವಳ ಬೆನ್ನು ನೆಟ್ಟಗಾಯಿತು. “ಬ್ಯಾರೆ ಗುಳಿಗಿ ಒಂದೂ ಕೊಟ್ಟಿಲ್ಲ. ತಲಿ ನೋವು ಅಂದ್ರೂ ಕೊಟ್ಟಿಲ್ಲ.”

“ಊಟಕ್ಕ?”

“ಸೊರಗಿ ಬಂದಿದ್ಲು. ಅನ್ನ, ಶೋರಬಾ, ತತ್ತಿ, ಹಾಲು. ಬೇಕು ಬೇಕಾದ್ದು ಮಾಡಿ ಹಾಕೀನಿ.”

“ತಪ್ಪಲ?”

“ತೋಬಾ. ಆ ಡಾಕ್ಟರ ಮಾತು ಇನ್ನೂ ಕಿವ್ಯಾಗ ಐತಿ ನನಗ. ಹಸರಂದ್ರ ಕೊತ್ತಂಬ್ರಿ ಸುದ್ದಾ ಹಾಕಲಿಲ್ಲ. ಆ ಹಾಳಾದವ ಚೀಲದ ತಳದಾಗ ಮುಚ್ಚಿ ತಂದಿದ್ದ. ಅಕಿಗೆ ಅದು ಆಗಂಗಿಲ್ಲ ಅಂತ ಗೊತ್ತಿದ್ದೂ ತಂದಿದ್ದ. ಕೊಲ್ಲಾಕ ಬಂದವ ಅಲ್ಲಂದ್ರ ಯಾಕ ಮುಚ್ಚಿ ತರಬೇಕ್ರಿ? ಕಸಗೊಂಡು ಈ ಆಡಿನ ಮುಂದ ಹಾಕಿದೆ. ಒಂದ ಎಲಿ ನನ್ನ ಮಗಳ ಬಾಯಿಗೆ ಹೋಗಾಕ ಬಿಡಲಿಲ್ಲ.”

ಯಲ್ಲೇಶನ ಪೆನ್ನು ಓಡುತ್ತಿತ್ತು. ಈ ಒಂದು ಹೇಳಿಕೆ ಸಾಕಿತ್ತು. ಅಫ್ರೀನಳ ಮಾತು, ಗುಳಿಗೆಯ ಚೀಟಿ, ಇವಳ ಹೇಳಿಕೆ ಸೇರಿದರೆ ಯಾವ ಕೋರ್ಟೂ ಜಾವೀದನನ್ನು ಇಟ್ಟುಕೊಳ್ಳಲಾರದು.

ಮಾಳಿಂಗರಾಯ ಎದ್ದು ನಿಂತ. ಓಡಿಹೋಗಬೇಕೆನಿಸಿತ್ತು ಅವನಿಗೆ.

“ಆತ್ರಿ ಅಮ್ಮಾರ. ಬರತೀನಿ.”

“ತಡೀರಿ.” ಸೂಜಿ ನಿಂತಿತ್ತು. “ಅವತ್ತ ತಪ್ಪಲದ ಸುದ್ದಿ ಹೇಳಿದ್ರ ಈ ತಮ್ಮಾ ಬರಕೊಳ್ಳಲಿಲ್ಲ. ಇವತ್ತ ನೀವ ಕೆದಕಿ ಕೇಳಿದ್ರಿ. ಯಾಕ?”

“ಸುಮ್ನ.”

“ಸುಮ್ನ ಕೇಳಾಕ ಗದಗಿನಿಂದ ಬರಂಗಿಲ್ಲ ಯಾರೂ.”

ಮಾಸುಮಬಿ ಕನ್ನಡಕ ತೆಗೆದಳು. ಹೊಸದಾಗಿ ಬೆಳಕು ಕಂಡ ಆ ಕಣ್ಣು ಇನ್ನೂ ಕೆಂಪಗಿತ್ತು, ನೀರಾಡುತ್ತಿತ್ತು. ದಿನವಿಡೀ ಆ ಕಣ್ಣಿಗೆ ಹನಿ ಹಾಕಿದ ಕೈ ಈಗ ಇರಲಿಲ್ಲ.

“ಅಕಿ ಅಲ್ಲಿ ತಿಂತಿದ್ಲೇನು?”

ಸುಳ್ಳು ಹೇಳಬಹುದಾಗಿತ್ತು. ಕಳ್ಳರ ಮುಂದೆ ದಿನಕ್ಕೆ ಹತ್ತು ಸುಳ್ಳು ಹೇಳುವ ಮನುಷ್ಯ ಮಾಳಿಂಗರಾಯ. ಈ ಒಬ್ಬಳ ಮುಂದೆ ಒಂದೂ ಬಾಯಿಗೆ ಬರಲಿಲ್ಲ.

“ತಿಂತಿದ್ಲರಿ.”

“ದಿನಾ?”

“ದಿನಾ. ಡಾಕ್ಟರಿಗೆ ಕೇಳೇ ತಿಂತಿದ್ಲು.”

“ತಿಂದೂ ಚೊಲೊ ಇದ್ಲು.”

“ಹೂಂನ್ರಿ.”

ಗುಳಿಗೆಯ ಹೆಸರನ್ನು ಮಾಸುಮಬಿಗೆ ಓದಲು ಬಾರದು. ಆದರೆ ಆ ಗುಳಿಗೆಯ ಜೊತೆ ಅವಳು ಮಗಳ ಅರ್ಧ ಆಯುಷ್ಯ ಕಳೆದಿದ್ದಳು. ತಪ್ಪಲಕ್ಕೂ ಅದಕ್ಕೂ ಇದ್ದ ಜಗಳ ಅವಳಿಗೆ ಗೊತ್ತಿತ್ತು. ಆ ಜಗಳದಲ್ಲಿ ತಪ್ಪಲವನ್ನು ತೆಗೆದುಬಿಟ್ಟರೆ ಗುಳಿಗೆ ಏನು ಮಾಡುತ್ತದೆ ಎನ್ನುವುದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

“ಅದಕ್ಕ ಗುಳಿಗಿ ಜಾಸ್ತಿ ಇದ್ದವು,” ಎಂದಳು ಕೊನೆಗೆ. “ಮೊದಲಿಗಿಂತ ಜಾಸ್ತಿ ಅದಾವಲ್ಲ ಅಂತ ಕೇಳಿದೆ ಅಕಿಗೆ. ವಯಸ್ಸಾದಂಗ ಏರತಾವ ಅಮ್ಮಿ ಅಂದ್ಲು. ನನಗ ಸುಳ್ಳ ಹೇಳಿದ್ಲು.”

“ನಿಮಗ ನೋವಾಗಬಾರ್ದು ಅಂತ...”

“ನಾನ ನುಂಗಿಸೀನಿ. ಬಾಯಿ ತೆಗಿಸಿ ನೋಡೀನಿ.”

ಅವಳು ಎದೆ ಬಡಿದುಕೊಳ್ಳಲಿಲ್ಲ, ಕೂಗಲಿಲ್ಲ. ಕೂಗಿದ್ದರೆ ಮಾಳಿಂಗರಾಯನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಅವಳು ಮಲಗಿದ್ದ ಮೊಮ್ಮಗಳನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡಳು. ನಿದ್ದೆಗಣ್ಣಿನ ಕೂಸು ಅಜ್ಜಿಯ ಸೆರಗಿನೊಳಗೆ ಮುಖ ತೂರಿಸಿತು. ನೋಡಲಾಗದೆ ಯಲ್ಲೇಶ ಕಾಗದದ ಮೇಲೆ ಬಗ್ಗಿದ.

“ನಿಮ್ಮ ತಪ್ಪಲ್ರಿ ಅಮ್ಮಾರ. ಡಾಕ್ಟರು ಹೇಳಿದ್ದನ್ನ ನೀವು ಮಾಡೀರಿ. ಯಾರ ತಪ್ಪೂ ಅಲ್ಲ ಇದು.”

“ಜಾವೀದಗ ಗೊತ್ತೈತೇನು?”

“ಇವತ್ತ ಗೊತ್ತಾತು.”

“ಏನಂದ?”

ಮಾಳಿಂಗರಾಯ ಓಣಿಯ ಕಡೆ ನೋಡಿದ. “ನಿಮಗ ಹೇಳಬ್ಯಾಡ್ರಿ ಅಂದ. ಅದಕ್ಕಾಗಿ ಒಳಗ ಇರಾಕೂ ತಯಾರ ಅದಾನ.”

ಆಗ ಮಾಸುಮಬಿಯ ಮುಖ ಒಡೆಯಿತು. ಮಗಳ ಮಣ್ಣಿಗೆ ಬಂದ ಹೆಂಗಸರ ನಡುವೆ ಅವಳು ಈ ಅಳಿಯನಿಗೆ ಶಾಪ ಹಾಕಿದ್ದಳು. ಅವನ ಮಗಳನ್ನು ಅವನಿಗೆ ತೋರಿಸಲು ಒಪ್ಪಿರಲಿಲ್ಲ. ಕಣ್ಣೀರು ಕೂಸಿನ ಸ್ವೆಟರಿನ ಮೇಲೆ ಬಿತ್ತು, ಅವಳು ಒರೆಸಿಕೊಳ್ಳಲಿಲ್ಲ. ಆಪರೇಶನ್ ಆದ ಕಣ್ಣು, ಅಳಬಾರದೆಂದು ಹೇಳಿದ್ದರು. ಅದನ್ನು ಈಗ ಹೇಳುವವರು ಯಾರು?

ಆಮೇಲೆ ಅವಳು ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು.

“ತಮ್ಮಾ,” ಎಂದಳು ಯಲ್ಲೇಶನಿಗೆ. “ನಾ ಈಗ ಹೇಳಿದ್ದನ್ನ ಹೊಡದು ಹಾಕು. ಬ್ಯಾರೆ ಹೇಳ್ತೀನಿ, ಬರಕೋ.”

ಯಲ್ಲೇಶ ಸಾಹೇಬರ ಮುಖ ನೋಡಿದ.

“ತಪ್ಪಲ ಆಡಿಗೆ ಹಾಕಿಲ್ಲ. ರುಹಿ ತಿಂದ್ಲು. ನಮ್ಮ ಮನ್ಯಾಗ ದಿನಾ ತಿಂತಿದ್ಲು. ರೊಟ್ಟಿ ಜೋಡಿ ನಾನ ಕೈಯಾರೆ ಕೊಡ್ತಿದ್ದೆ.”

“ಅಮ್ಮಾರ...”

“ಸಂತಿಯಿಂದ ನಾನ ತರತಿದ್ದೆ ಅಂತ ಬರಕೋ. ಮಗಳು ಬೇಡಿದ್ದನ್ನ ನಾ ಇಲ್ಲ ಅಂದಿಲ್ಲ. ಒಂದಿನಾನೂ ಇಲ್ಲ ಅಂದಿಲ್ಲ.” ದನಿ ಎತ್ತರವಾಗಲಿಲ್ಲ. ತಾನು ಹೇಳುತ್ತಿದ್ದುದನ್ನು ಅವಳು ಆಗಲೇ ನಂಬತೊಡಗಿದ್ದಳು. “ಕೋರ್ಟಿನ್ಯಾಗ ಕರೀರಿ. ಅಲ್ಲೂ ಇದನ್ನ ಹೇಳ್ತೀನಿ.”

ಮಾಳಿಂಗರಾಯ ಅವಳ ಎದುರು ಕಟ್ಟೆಯ ಕೆಳಗೆ, ನೆಲದ ಮೇಲೆಯೇ ಕುಕ್ಕರಗಾಲಲ್ಲಿ ಕುಳಿತ.

“ಹಿಂಗ ಬರದ್ರ ಜಾವೀದನ್ನ ಉಳಸಾಕ ಆಗಂಗಿಲ್ರಿ. ಅಕಿ ದಿನಾ ತಪ್ಪಲ ತಿಂತಿದ್ಲು ಅಂದ್ರ, ಹೆಚ್ಚಿಗಿ ಗುಳಿಗಿ ಯಾರೋ ಹಾಕ್ಯಾರ ಅಂತನ ಆಗ್ತೈತಿ. ಅವ ಏನೂ ಮಾಡಿಲ್ಲ. ನಿಮಗ ಗೊತ್ತೈತಿ.”

“ಗೊತ್ತೈತ್ರಿ.”

“ಮತ್ತ?”

ಮಾಸುಮಬಿ ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು ಅವನನ್ನು ನೋಡಿದಳು. ಅಂಥ ದಣಿದ ಮುಖವನ್ನು ಮಾಳಿಂಗರಾಯ ತನ್ನ ನೌಕರಿಯಲ್ಲಿ ಕಂಡಿರಲಿಲ್ಲ.

“ಮೊದಲಿನ ಮಾತು ಖರೇ ಆದ್ರ ನಾ ಉಳಿಯಂಗಿಲ್ಲ. ನನಗ ಹೇಳಬ್ಯಾಡ ಅಂತ ಅವನ ಅಂದಾನಲ್ಲ ಸಾಹೇಬ್ರ. ಅವನ ಮಾತು ನಡಸಿಕೊಡ್ರಿ.”

ಮೊದಲ ಹೇಳಿಕೆ, ಈಗ ಬರೆದುಕೊಂಡದ್ದು, ಎರಡೂ ಕಾಗದಗಳನ್ನು ಹಿಡಿದು ನಿಂತ ಯಲ್ಲೇಶ ಮೆಲ್ಲಗೆ ಕೇಳಿದ.

“ಯಾವ್ದನ್ನ ಇಟ್ಕೊಳ್ಲರಿ, ಸಾಹೇಬ್ರ?”